ಪಂಕ್ ಕೇಳುವವರು ತಾಳ ಹಿಡಿಯಿರಿ

ಶಿವಮೊಗ್ಗದಲ್ಲಿ ಗಣಪತಿ ಬಿಡುವ ದಿನ ಡೊಳ್ಳಿನ ಸದ್ದಿಗೆ ಎದೆ ನಡುಗಿದರೂ ಯಾರೂ ಅದನ್ನು ಗಲಾಟೆ ಎನ್ನುವುದಿಲ್ಲ. ಅದೇ ಜನಕ್ಕೆ ಪಂಕ್ ರಾಕ್ ಕೇಳಿಸಿ, ಎರಡನೇ ನಿಮಿಷಕ್ಕೆ ಕಿವಿ ಮುಚ್ಚುತ್ತಾರೆ. ಅಷ್ಟರಲ್ಲಿ ಹಾಡೇ ಮುಗಿದಿರುತ್ತದೆ, ಅದು ಬೇರೆ ಮಾತು.

ನ್ಯೂಯಾರ್ಕಿನ ರಮೋನ್ಸ್ ತಂಡ 1976ರಲ್ಲಿ ತಂದ ಮೊದಲ ಆಲ್ಬಮ್ಮಿನಲ್ಲಿ 14 ಹಾಡುಗಳಿವೆ, ಎಲ್ಲ ಸೇರಿ ಅರ್ಧ ಗಂಟೆಯೂ ಇಲ್ಲ. ಗಿಟಾರಿನ ಆಲಾಪ, ಕಸರತ್ತು ಯಾವುದೂ ಇಲ್ಲ. ಹಾಗಾದರೆ ಕೇಳುವುದೇನನ್ನು? ಹಾಡುಗಾರನ ಕಿರುಚಾಟವನ್ನು ಸದ್ಯಕ್ಕೆ ಬಿಡಿ, ಡ್ರಮ್ಮರನ ಬಲಗೈ ಹಿಡಿಯಿರಿ. ಕೋಲಿನ ಮೇಲೆ ಒಂದರ ಮೇಲೊಂದು ಕೂತ ಎರಡು ತಾಳಗಳಿವೆಯಲ್ಲ, ಹೈಹ್ಯಾಟ್, ಅದರ ಮೇಲೆ ನಾಲ್ಕು ಎಣಿಕೆಗೆ ಎಂಟು ಪೆಟ್ಟು, ಉಸಿರು ಬಿಡದೆ. ಡೊಳ್ಳು ಕುಣಿತದಲ್ಲೂ ಅಷ್ಟೆ. ಕಣ್ಣು ಡೊಳ್ಳಿನ ಮೇಲೆ ಹೋಗುತ್ತದೆ, ಆದರೆ ನಡೆಸುವವನು ನಡುವೆ ತಾಳ ಹಿಡಿದವನು. ಅವನು ತಪ್ಪಿದರೆ ಇಡೀ ಸಾಲು ತಪ್ಪುತ್ತದೆ. ಆ ತಾಳವನ್ನು ಗಮನಿಸಿ ಗೊತ್ತಿದ್ದವರಿಗೆ ಅರ್ಧ ಪಂಕ್ ಆಗಲೇ ಗೊತ್ತು.

ಇನ್ನು ಇಂಥ ತಂಡಕ್ಕೆ ಹೆಸರಾಂತ ಡ್ರಮ್ಮರ್ ಬಂದು ಸೇರಿದರೆ? 1987ರಲ್ಲಿ ರಮೋನ್ಸ್‌ಗೆ ಡ್ರಮ್ಮರ್ ಇಲ್ಲದಾದಾಗ ಬ್ಲಾಂಡಿ ತಂಡದ ಕ್ಲೆಮ್ ಬರ್ಕ್ ಬಂದರು. ತಂಡದವರೆಲ್ಲ ರಮೋನ್ ಎಂಬ ಅಡ್ಡಹೆಸರು ಇಟ್ಟುಕೊಳ್ಳುವುದು ವಾಡಿಕೆ, ಇವರು ಎಲ್ವಿಸ್ ರಮೋನ್ ಆದರು. ಎರಡೇ ಕಾರ್ಯಕ್ರಮ, ಅಲ್ಲಿಗೆ ಮುಗಿಯಿತು. ಹೈಹ್ಯಾಟಿನ ಆ ದುಪ್ಪಟ್ಟು ವೇಗ ಅವರಿಗೆ ಒಗ್ಗಲಿಲ್ಲವೆಂಬುದು ಗಿಟಾರಿಸ್ಟ್ ಜಾನಿ ರಮೋನ್ ದೂರು. ಬರ್ಕ್ ಸಾಮಾನ್ಯರಲ್ಲ. ಬ್ಲಾಂಡಿಯ 1979ರ ‘ಡ್ರೀಮಿಂಗ್’ ಕೇಳಿ, ಹಾಡಿನುದ್ದಕ್ಕೂ ಅವರ ಕೈ ಉರುಳುತ್ತಲೇ ಇರುತ್ತದೆ. ಅದರ ಬೆನ್ನಿಗೇ ರಮೋನ್ಸ್‌ನ 1978ರ ‘ಐ ವಾನ ಬಿ ಸೆಡೇಟೆಡ್’ ಹಾಕಿ. ಅಲ್ಲಿ ಡ್ರಮ್ಮರ್ ಮಾರ್ಕಿ ರಮೋನ್ ಏನನ್ನೂ ಮೆರೆಸುವುದಿಲ್ಲ, ಬಿಡುವುದೂ ಇಲ್ಲ. ನನಗೆ ಕಷ್ಟದ ಕೆಲಸ ಎರಡನೆಯದೇ ಎನಿಸುತ್ತದೆ.

ನಮ್ಮ ಕಡೆಯ ಉದಾಹರಣೆ ಇದಕ್ಕೆ ತದ್ವಿರುದ್ಧ. ಜರ್ಮನಿಯ ಎಂಬ್ರಿಯೊ ರಾಕ್ ತಂಡ 1980ರ ‘ಲೈಫ್’ ಆಲ್ಬಮ್ಮಿಗೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಕೂಡಿತು. ಅಲ್ಲಿ ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಇದ್ದರು, ಎಂಬ್ರಿಯೊದ ಮುಂದಾಳು ಕ್ರಿಶ್ಚಿಯನ್ ಬುರ್ಖಾರ್ಡ್ ಸ್ವತಃ ಡ್ರಮ್ಮರ್. ಇದು ಪಂಕ್ ಅಲ್ಲ. ಬೇಕಾದಷ್ಟು ಹೊತ್ತು ಬೆಳೆಸಬಲ್ಲ ಸಂಗೀತ, ಹಾಗಾಗಿ ವಿದ್ವಾಂಸರಿಗೆ ಕೈ ಕಟ್ಟಿಕೊಳ್ಳುವ ಪ್ರಮೇಯವೇ ಇಲ್ಲ. ಎರಡು ನಿಮಿಷದ ಹಾಡಿನಲ್ಲಿ ಆ ಜಾಗ ಎಲ್ಲಿಂದ ಬರಬೇಕು?

ನಾಳೆ ಭದ್ರಾವತಿಯ ಹುಡುಗರು ಪಂಕ್ ತಂಡ ಕಟ್ಟಿ, ಬೆಂಗಳೂರಿನಿಂದ ದೊಡ್ಡ ಹೆಸರಿನ ಡ್ರಮ್ಮರನನ್ನು ಕರೆತಂದರೆ, ಮುಂದಿನ ಸಾಲಿನ ಕುರ್ಚಿಗೆ ಆಸೆಪಡಬೇಡಿ. ವೇದಿಕೆಗೆ ಮುಖ ಮಾಡಿ ಬಲಬದಿಗೆ ನಿಲ್ಲಿ, ಹೈಹ್ಯಾಟ್ ಸಾಮಾನ್ಯವಾಗಿ ಆ ಕಡೆಗಿರುತ್ತದೆ. ಮೊದಲ ಹಾಡಿಗೇ ಚಪ್ಪಾಳೆ ತಟ್ಟಿ ಅವನನ್ನು ಉಬ್ಬಿಸುವುದೂ ಬೇಡ. ನಾಲ್ಕೈದು ಹಾಡು ಕಳೆಯಲಿ, ಮಣಿಕಟ್ಟು ಸೋಲುವ ಹೊತ್ತು ಬರಲಿ. ಆಗ ಎಂಟು ಪೆಟ್ಟು ನಾಲ್ಕಕ್ಕೆ ಇಳಿಯಿತೇ, ಎಣಿಸಿ.