ನೊಣದ ಮೂಗಿನ ಜಾಡು ಹಿಡಿದವರು

ನವಿ ಮುಂಬಯಿಯ ವಾಶಿಯ ಎಪಿಎಂಸಿ ಹಣ್ಣಿನ ಮಾರುಕಟ್ಟೆಯಲ್ಲಿ ಹಾಪುಸ್ ಮಾವಿನ ಕಾಲ ಬಂತೆಂದರೆ, ಎಸೆದ ಹಣ್ಣಿನ ರಾಶಿಯ ಮೇಲೆ ಕೆಂಗಣ್ಣಿನ ಪುಟ್ಟ ನೊಣಗಳು ಮುತ್ತಿಕೊಳ್ಳುತ್ತವೆ. ಎರಡು ಮೂರು ಮಿಲಿಮೀಟರ್ ಉದ್ದದ ಈ ಜೀವಿ ಗಾಳಿಯಲ್ಲಿ ಬಂದ ವಾಸನೆಯನ್ನೇ ಮುಖ್ಯವಾಗಿ ನಂಬಿ ಹಣ್ಣು ಹುಡುಕುತ್ತದೆ. ಅದರ ಮೂಗು ಹೇಗೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಖಾಡಿಯ ಆಚೆ, ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, 1970ರ ದಶಕದಲ್ಲೇ ಕೈಗೆತ್ತಿಕೊಂಡವರು ಪ್ರೊಫೆಸರ್ ಒಬೈದ್ ಸಿದ್ದಿಕಿ. ಘ್ರಾಣವಿಜ್ಞಾನದ ಕಥೆಯನ್ನು 1991ರ ಅಮೆರಿಕದಿಂದ ಶುರುಮಾಡುವುದು ಈಗ ರೂಢಿಯಾಗಿದೆ. ಆ ವರ್ಷ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ವಾಸನೆಯನ್ನು ಹಿಡಿಯುವ ಗ್ರಾಹಕಗಳ ಜೀನ್‌ಗಳನ್ನು ಕಂಡುಹಿಡಿದರು, 2004ರಲ್ಲಿ ಅವರಿಗೆ ನೊಬೆಲ್ ಬಂತು. ಗೌರವ ನ್ಯಾಯವಾದದ್ದೇ. ಆದರೆ ಮುಂಬಯಿಯ ಅಧ್ಯಾಯವನ್ನು ಬಿಟ್ಟು ಹೇಳಿದ ಕಥೆ ಅರ್ಧ ಕಥೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೋಮಿ ಭಾಭಾ ಅವರ ಆಹ್ವಾನದ ಮೇರೆಗೆ 1962ರಲ್ಲಿ ಟಾಟಾ ಸಂಸ್ಥೆಗೆ ಬಂದು ಅಣುಜೀವಶಾಸ್ತ್ರ ವಿಭಾಗ ಕಟ್ಟಿದ ಸಿದ್ದಿಕಿ ಮೊದಲು ಬ್ಯಾಕ್ಟೀರಿಯಾಗಳ ತಳಿವಿಜ್ಞಾನದಲ್ಲಿ ಹೆಸರು ಮಾಡಿದವರು. ಆಮೇಲೆ ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಸೀಮೋರ್ ಬೆಂಜರ್ ಜೊತೆ ನೊಣಗಳತ್ತ ಹೊರಳಿದರು. ಬಿಸಿ ಏರಿದೊಡನೆ ಪಾರ್ಶ್ವವಾಯು ಬಡಿದಂತೆ ಬಿದ್ದುಬಿಡುವ ನೊಣಗಳ ನರಗಳಲ್ಲಿ ಏನು ಕೆಟ್ಟಿದೆ ಎಂದು ಇಬ್ಬರೂ 1976ರಲ್ಲಿ ತೋರಿಸಿದರು. ಡಬ್ಲಿನ್‌ನಲ್ಲಿ ಓದಿ, ಕೀನ್ಯಾದಲ್ಲಿದ್ದ ಗೋವಾ ಮೂಲದ ಕುಟುಂಬದಿಂದ ಬಂದ ವೆರೋನಿಕಾ ರೋಡ್ರಿಗ್ಸ್ ಸಿದ್ದಿಕಿಯವರ ಶಿಷ್ಯೆಯಾಗಿ ಸೇರಿದ ಮೇಲೆ ಘ್ರಾಣದ ಕೆಲಸ ವೇಗ ಪಡೆಯಿತು.

ಅವರ ಉಪಕರಣ ನೋಡಲು ತೀರ ಸರಳ. ಕವಲೊಡೆದ ಗಾಜಿನ ನಳಿಕೆ. ಒಂದು ಕವಲಿಗೆ ವಾಸನೆ, ಇನ್ನೊಂದಕ್ಕೆ ಬರೀ ಗಾಳಿ. ನೊಣಗಳು ಯಾವ ಕವಲಿಗೆ ಎಷ್ಟು ಹೋದವು ಎಂದು ಎಣಿಸುವುದು. ರಾಸಾಯನಿಕದಿಂದ ಜೀನ್ ಕೆಡಿಸಿದ ನೊಣಗಳ ಸಂತತಿಗಳನ್ನು ಒಂದೊಂದಾಗಿ ಹೀಗೆ ಪರೀಕ್ಷಿಸಿ, ದಾರಿ ತಪ್ಪಿದವನ್ನು ಬೇರೆ ಸಾಕುವುದು. 1978ರಲ್ಲಿ ರೋಡ್ರಿಗ್ಸ್ ಮತ್ತು ಸಿದ್ದಿಕಿ ಪ್ರಕಟಿಸಿದ ಪ್ರಬಂಧದ ತಿರುಳು ಇಲ್ಲಿದೆ: ಕಹಿಬಾದಾಮಿಯ ವಾಸನೆಯ ಬೆಂಜಾಲ್ಡಿಹೈಡ್ ಗುರುತಿಸಲಾಗದ ನೊಣಕ್ಕೆ ಹಣ್ಣಿನ ಪರಿಮಳದ ಅಸಿಟೇಟ್‌ಗಳು ತಿಳಿಯಬಲ್ಲವು, ಇನ್ನೊಂದು ಬಗೆಯದಕ್ಕೆ ಇದರ ತದ್ವಿರುದ್ಧ. ಅಂದರೆ ವಾಸನೆಗಳಿಗೆ ಬೇರೆ ಬೇರೆ ದಾರಿಗಳಿವೆ, ಆ ದಾರಿಗಳು ಜೀನ್‌ಗಳ ಹಿಡಿತದಲ್ಲಿವೆ. ವಾಸನೆಯ ಗ್ರಾಹಕ ಎಂಬುದನ್ನು ಯಾರೂ ಕಂಡಿರದ ಕಾಲದಲ್ಲಿ, ಬರೀ ನಡವಳಿಕೆ ಎಣಿಸಿ ಈ ತೀರ್ಮಾನಕ್ಕೆ ಬಂದದ್ದು ಸಣ್ಣ ಮಾತಲ್ಲ.

1984ರಲ್ಲಿ ರೋಡ್ರಿಗ್ಸ್ ಜರ್ಮನಿಯ ಬುಖ್ನರ್ ಜೊತೆಗೂಡಿ ಇನ್ನೂ ಒಳಗೆ ಹೋದರು. ಕೆಲಸದಲ್ಲಿ ತೊಡಗಿದ ನರಕೋಶ ಹೀರಿಕೊಳ್ಳುವ, ಆದರೆ ಅರಗಿಸಿಕೊಳ್ಳಲಾಗದ ವಿಕಿರಣಶೀಲ ಸಕ್ಕರೆಯನ್ನು ನೊಣಕ್ಕೆ ಕೊಟ್ಟು, ವಾಸನೆ ತೋರಿಸಿ, ಮಿದುಳಿನಲ್ಲಿ ಗುರುತು ಎಲ್ಲಿ ಮೂಡಿತೆಂದು ನೋಡಿದರು. ಕುಡಿಮೀಸೆಯ ನರಗಳು ಬಂದು ಸೇರುವ ಜಾಗದಲ್ಲಿ ಗ್ಲೊಮೆರುಲಸ್ ಎಂಬ ಪುಟ್ಟ ಉಂಡೆಗಳಿವೆ. ಬೇರೆ ವಾಸನೆಗೆ ಬೇರೆ ಉಂಡೆಗಳು ಎಚ್ಚರಗೊಳ್ಳುತ್ತವೆ ಎಂಬ ಚಿತ್ರ ಹೀಗೆ ಸಿಕ್ಕಿತು. ಇಡೀ ಸಂಶೋಧನೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಭಾಗ ಇದೇ.

ಕೊರತೆಯನ್ನೂ ಹೇಳಬೇಕು. ನೊಣದ ಗ್ರಾಹಕ ಜೀನ್‌ಗಳು ಈ ದಾರಿಯಲ್ಲಿ ಸಿಗಲಿಲ್ಲ. 1999ರಲ್ಲಿ ಅಮೆರಿಕದ ಪ್ರಯೋಗಾಲಯಗಳು ಅವನ್ನು ಕಂಡುಹಿಡಿದವು. ಒಂದು ವಾಸನೆಯನ್ನು ಹಲವು ಗ್ರಾಹಕಗಳು ಹಂಚಿಕೊಂಡು ಗುರುತಿಸುವುದರಿಂದ, ಒಂದು ಗ್ರಾಹಕ ಕೆಟ್ಟರೂ ನೊಣ ಹೇಗೋ ಸಂಭಾಳಿಸಿಕೊಳ್ಳುತ್ತದೆ. ನಡವಳಿಕೆ ಎಣಿಸುವ ವಿಧಾನಕ್ಕೆ ಅದು ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಮುಂಬಯಿಯಲ್ಲಿ ಓಎಲ್‌ಎಫ್-ಡಿ ಎಂದು ಹೆಸರಿಟ್ಟ ಘ್ರಾಣದೋಷವಂತೂ ಕೊನೆಗೆ ನರಗಳಲ್ಲಿ ಸೋಡಿಯಂ ಹಾಯಿಸುವ 'ಪ್ಯಾರಾ' ಜೀನ್‌ನ ದೋಷವೆಂದು ತಿಳಿಯಿತು. ಸಿದ್ದಿಕಿ ಬೆಂಜರ್ ಜೊತೆ ಅಭ್ಯಸಿಸಿದ ಕೆಲವು ಪಾರ್ಶ್ವವಾಯು ನೊಣಗಳಲ್ಲೂ ಕೆಟ್ಟಿದ್ದದ್ದು ಅದೇ ಜೀನ್! ದೋಷ ಮೂಗಿನದೋ ನರದ್ದೋ ಎಂದು ವಿಂಗಡಿಸಲಾಗದ್ದು ಈ ವಿಧಾನದ ನಿಜವಾದ ಮಿತಿ.

ಆದರೂ ಆ ದಾರಿ ಬಹಳ ದೂರ ಬಂತು. ಸಿದ್ದಿಕಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಕಟ್ಟಿ ಅಲ್ಲಿಗೇ ಹೋದರು, ಮುಂದೆ ರೋಡ್ರಿಗ್ಸ್ ಕೂಡ ಅಲ್ಲಿ ಕೆಲಸ ಮಾಡಿದರು. ರೋಡ್ರಿಗ್ಸ್ 2010ರಲ್ಲಿ ತೀರಿಕೊಂಡ ಮೇಲೆ, 2011ರಲ್ಲಿ ಅವರೂ ಸಹಲೇಖಕರಾಗಿದ್ದ ಒಂದು ಪ್ರಬಂಧ ಬಂತು. ನೊಣವನ್ನು ಅರ್ಧ ಗಂಟೆಯೋ ನಾಲ್ಕು ದಿನವೋ ಒಂದೇ ವಾಸನೆಯಲ್ಲಿ ಇರಿಸಿದರೆ ಅದು ಆ ವಾಸನೆಗೆ ಒಗ್ಗಿಹೋಗುತ್ತದೆ. ಅದಕ್ಕೆ ಕಾರಣ ಕುಡಿಮೀಸೆಯ ದಣಿವಲ್ಲ, ಮಿದುಳಿನೊಳಗೆ ತಡೆಯೊಡ್ಡುವ ನರಕೋಶಗಳು ಬಲಗೊಳ್ಳುವುದು ಎಂದು ಅದು ತೋರಿಸಿತು. ನಮ್ಮ ಮಸಾಲೆ ಮಾರುಕಟ್ಟೆಯ ಹಮಾಲರಿಗೆ ಮೆಣಸಿನಕಾಯಿ ಘಾಟು ಗೊತ್ತೇ ಆಗದಿರುವುದನ್ನೂ, ಹೊಸಬರು ಕಾಲಿಟ್ಟೊಡನೆ ಸೀನುವುದನ್ನೂ ಕಂಡವರಿಗೆ ಈ ಪ್ರಶ್ನೆ ಎಷ್ಟು ಹತ್ತಿರದ್ದೆಂದು ವಿವರಿಸಬೇಕಿಲ್ಲ. ಮನುಷ್ಯರಲ್ಲೂ ಹೀಗೇ ಎಂದು ಆ ಪ್ರಬಂಧ ಸಾಧಿಸಿಲ್ಲ. ಆದರೆ ಠಾಣೆ–ಬೇಲಾಪುರ ರಸ್ತೆಯ ಕಾರ್ಖಾನೆಗಳ ಬಳಿ ವರ್ಷಗಟ್ಟಲೆ ಇದ್ದವರು 'ವಾಸನೆ ಏನೂ ಇಲ್ಲವಲ್ಲ' ಎಂದಾಗ, ಅದನ್ನೇ ಸಾಕ್ಷಿಯೆಂದು ಒಪ್ಪುವ ಮೊದಲು ಯೋಚಿಸಬೇಕಾಗುತ್ತದೆ.

ಸಿದ್ದಿಕಿ 2013ರಲ್ಲಿ ತೀರಿಕೊಂಡರು. ಅವರ ಮೊದಲ ಘ್ರಾಣ ಪ್ರಯೋಗಕ್ಕೆ ಬೇಕಾದದ್ದು ಗಾಜಿನ ನಳಿಕೆ, ನೊಣ, ಎಣಿಸುವ ತಾಳ್ಮೆ. ನವಿ ಮುಂಬಯಿಯ ಜೀವಶಾಸ್ತ್ರ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ: ಸರಳ ರೂಪದಲ್ಲಾದರೂ ಇದನ್ನು ಕಾಲೇಜಿನಲ್ಲಿ ಮಾಡಿಸಿ, ಮಾಡಿಸುವಾಗ ಸಿದ್ದಿಕಿ, ರೋಡ್ರಿಗ್ಸ್ ಇಬ್ಬರ ಹೆಸರನ್ನೂ ಮಕ್ಕಳಿಗೆ ಹೇಳಿ.