ಮಹಾಮೃಗವೂ ಭಯಾನಕರಸವೂ

2018ರ ‘ರ‍್ಯಾಂಪೇಜ್’ ಎಂಬ ಆಂಗ್ಲ ಚಲಚ್ಚಿತ್ರದಲ್ಲಿ ಗೊರಿಲ್ಲ, ತೋಳ, ಮೊಸಳೆಗಳು ವಂಶವಾಹಿಗಳ ವಿಕಾರದಿಂದ ಪರ್ವತಾಕಾರವನ್ನು ತಾಳಿ ಶಿಕಾಗೋ ನಗರವನ್ನು ಧ್ವಂಸಮಾಡುತ್ತವೆ. ಯಂತ್ರಕೌಶಲವು ಅದ್ಭುತವೇ ಸರಿ. ಆದರೆ ಸೌಧಗಳು ಉರುಳಿದಷ್ಟೂ ಪ್ರೇಕ್ಷಕನ ಭೀತಿಯು ಕುಗ್ಗುತ್ತದೆ. ಗಾತ್ರವು ವಿಭಾವಮಾತ್ರ, ಬೆದರುವ ಜೀವವೊಂದು ಕಣ್ಣಿಗೆ ಬೀಳದೆ ರಸವು ನಿಷ್ಪನ್ನವಾಗದು. ಅಭಿನವಗುಪ್ತಾಚಾರ್ಯರು ಭಯಾನಕಕ್ಕೆ ಉದಾಹರಿಸಿದುದು ರಾಕ್ಷಸನನ್ನಲ್ಲ, ಶಾಕುಂತಲದ ಮೊದಲಂಕದಲ್ಲಿ ದುಷ್ಯಂತನ ಬಾಣಕ್ಕೆ ಬೆದರಿ ಓಡುವ ಮೃಗವನ್ನು. ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಕೃಷ್ಣಮೃಗಗಳು ಚಿಮ್ಮಿ ಓಡುವುದನ್ನು ಕಂಡವರಿಗೆ ಇದರ ಮರ್ಮವು ತಿಳಿದೀತು. 1954ರ ಜಪಾನೀ ‘ಗಾಡ್ಜಿಲಾ’ದಲ್ಲಿ ಜಲಜನಕ ಬಾಂಬಿನಿಂದ ಎಚ್ಚೆತ್ತ ಮೃಗದ ಬೆನ್ನಿಗೇ ಆಸ್ಪತ್ರೆಯ ಗಾಯಾಳುಗಳ ನರಳಾಟವಿದೆ, ಆದುದರಿಂದಲೇ ಅದು ಇಂದಿಗೂ ನಡುಗಿಸುತ್ತದೆ. ಬೇಟೆಗಾರರಿಂದ ತಾಯಿಯನ್ನು ಕಳೆದುಕೊಂಡ ಗೊರಿಲ್ಲದ ಕಥೆಯಲ್ಲಿಯೂ ಆ ಬೀಜವಿತ್ತು. ಚಿತ್ರಕಾರರು ಅದನ್ನು ಬೆಳೆಯಿಸದೆ ಮೃಗದ ಗಾತ್ರವನ್ನು ಬೆಳೆಯಿಸಿದರು.