ಶಿಲ್ಪಿಯ ಸಹಿ, ರೀಲಿನ ಮೌನ

1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇಗುಲದ ಶಿಲ್ಪಗಳಲ್ಲಿ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರುಗಳಿವೆ. ಆ ಸಹಿಯನ್ನು ನಾನು ಕಸುಬುದಾರನ ಜಾಹೀರಾತೆಂದೇ ಓದುತ್ತೇನೆ.

2023ರಲ್ಲಿ ಬೇಲೂರು, ಹಳೇಬೀಡು ಯುನೆಸ್ಕೊ ಪಟ್ಟಿ ಸೇರಿದವು. ಈಗ ಸಣ್ಣ ಅಂಗಡಿಯವರೂ ಇನ್‌ಸ್ಟಾಗ್ರಾಂನಲ್ಲಿ ರೀಲು ಹಾಕುತ್ತಾರೆ. ನಾನು ನೋಡಿದ ಹೆಚ್ಚಿನವುಗಳ ಧಾಟಿ ಒಂದೇ: ಸಿನಿಮಾ ಹಾಡು, ಹಿಂದೆ ಗೋಪುರ, ಕೊನೆಗೆ ಬೆಲೆ. ಬಳಪದ ಕಲ್ಲಿನ ಗೊಂಬೆ ಕೆತ್ತಿದ್ದು ಯಾರು, ಅರಸೀಕೆರೆಯ ಕೊಬ್ಬರಿ ಯಾವ ತೋಟದ್ದು? ಉತ್ತರವಿಲ್ಲ.

ಎಲ್ಲವೂ ಒಂದೇ ತರಹ ಕಂಡರೆ ಗಿರಾಕಿ ಬೆಲೆಯನ್ನಷ್ಟೇ ಹೋಲಿಸುತ್ತಾನೆ. ಆ ಪೈಪೋಟಿಯಲ್ಲಿ ದೊಡ್ಡ ಬಂಡವಾಳದೆದುರು ಸಣ್ಣವನು ಸೋಲುತ್ತಾನೆ. ಉಳಿ ಹಿಡಿದ ಕೈ, ಅದರ ಒಡೆಯನ ಹೆಸರು, ಊರು ತೋರಿಸಲು ಅರ್ಧ ನಿಮಿಷ ಸಾಕು. ದಾಸೋಜನಿಗೆ ಬೇಕಾದದ್ದು ಕಲ್ಲಿನ ಮೇಲೆ ಅಂಗೈಯಗಲ ಜಾಗ.